ದೊಡ್ಡ ಕಾರಿನ ಹಣೆಬೊಟ್ಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗಿಂತ ನಮ್ಮ ಕಾರೇ ಉದ್ದವಾಗಿತ್ತು. ಹೀಗೆಂದರೆ ನನ್ನ ಮೊಮ್ಮಗ ನಂಬುವುದಿಲ್ಲ. "ತಾತ, ಸುಮ್ನೆ ಬಿಲ್ಡಪ್ ಕೊಡ್ಬೇಡ" ಎನ್ನುತ್ತಾನೆ. ಅವನು ಹೇಳುವುದೂ ಸರಿಯೇ. ಅಳತೆ ಹಿಡಿದು ನೋಡಿದ್ದರೆ ಮನೆಯೇ ಎರಡು ಗೇಣು ಉದ್ದ ಬರುತ್ತಿತ್ತೋ ಏನೋ. ಆದರೆ ಆರ್.ಟಿ. ನಗರದ ಅಂಚಿನಲ್ಲಿದ್ದ ಆ ಎರಡು ಕೋಣೆಯ ಹೆಂಚಿನ ಮನೆಯ ಪಕ್ಕ, ತಗಡಿನ ಶೆಡ್ಡಿನಿಂದ ಮೂತಿ ಹೊರಗೆ ಹಾಕಿಕೊಂಡು ಆ ಕಾರು ನಿಂತಿದ್ದರೆ, ದಾರಿಯಲ್ಲಿ ಹೋಗುವವರು ಕಾರಿಗೆ ಒಂದು ಔಟ್‌ಹೌಸ್ ಕಟ್ಟಿಸಿದ್ದಾರೆ ಎಂದುಕೊಳ್ಳುವ ಹಾಗಿತ್ತು. ಆ ಔಟ್‌ಹೌಸಿನಲ್ಲಿ ನಾವಿದ್ದೆವು.

ಅದು ಅಮೆರಿಕದ ಕಾರು. ಬೆಣ್ಣೆಯ ಬಣ್ಣ. ಬಾಗಿಲು ಎರಡೇ, ಆದರೆ ಒಂದೊಂದೂ ನಮ್ಮ ಮನೆಯ ಬೀದಿಬಾಗಿಲಿಗಿಂತ ಭಾರ. ಸ್ಟಿಯರಿಂಗು ಎಡಗಡೆ. ಬಾನೆಟ್ಟಿನ ಕೆಳಗೆ ಎಂಟು ಸಿಲಿಂಡರಿನ ಎಂಜಿನ್ನು. ಅಪ್ಪ ಕೀಲಿ ತಿರುಗಿಸಿದರೆ ಶೆಡ್ಡಿನ ತಗಡು ನಡುಗುತ್ತಿತ್ತು, ಅಡುಗೆಮನೆಯಲ್ಲಿ ಅಮ್ಮನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡುತ್ತಿದ್ದವು. ಇಂಥ ಕಾರುಗಳಿಗೆ 'ಮಸಲ್ ಕಾರು' ಎನ್ನುತ್ತಾರಂತೆ. ಮೊಮ್ಮಗನೇ ಫೋನಿನಲ್ಲಿ ಹುಡುಕಿ ನನಗೆ ಕಲಿಸಿದ್ದು. ನಮಗೆ ಆಗ ಆ ಹೆಸರು ಗೊತ್ತಿರಲಿಲ್ಲ. ನಾವೆಲ್ಲ ಅದನ್ನು 'ದೊಡ್ಡದು' ಎನ್ನುತ್ತಿದ್ದೆವು. "ದೊಡ್ಡದರ ಮೇಲೆ ಬೆಕ್ಕು ಮಲಗಿದೆ ನೋಡೋ" ಎಂದು ಅಮ್ಮ ಕೂಗಿದರೆ ನಾನು ಓಡಬೇಕಿತ್ತು.

ನಮ್ಮಂಥವರ ಮನೆಗೆ ಇಂಥ ಕಾರು ಬಂದದ್ದು ಹೇಗೆ ಎಂದು ನೀವು ಕೇಳುತ್ತೀರಿ. ಅಪ್ಪ ಮೇಖ್ರಿ ಸರ್ಕಲ್ಲಿನ ಆಚೆ ಒಂದು ದೊಡ್ಡ ಬಂಗಲೆಯಲ್ಲಿ ಡ್ರೈವರಾಗಿದ್ದರು. ಆ ಮನೆಯ ಯಜಮಾನರಿಗೆ ಮಕ್ಕಳಿರಲಿಲ್ಲ, ಈ ಕಾರಿತ್ತು. ವಯಸ್ಸಾದಂತೆ ಅವರ ಕಣ್ಣು ಮಂಜಾಗುತ್ತ ಬಂತು. ಕೊನೆಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಮಾತ್ರ ಉಳಿಯಿತು. ಆಗ ಅವರು ಕಾರನ್ನು ಅಪ್ಪನಿಗೆ ಕೊಟ್ಟುಬಿಟ್ಟರು. ಒಂದೇ ಷರತ್ತು. ಕಾರು ಹೇಗಿದೆಯೋ ಹಾಗೇ ಇರಬೇಕು. ಬಣ್ಣ, ಸೀಟು, ಬೋಲ್ಟು, ಯಾವುದನ್ನೂ ಬದಲಾಯಿಸುವಂತಿಲ್ಲ. ಮಾತು ತಪ್ಪಿದರೆ ಕಾರು ಅವರ ಸೋದರಳಿಯನಿಗೆ ಹೋಗುತ್ತದೆ. ಆ ಅಳಿಯನೋ, ಕಾರು ಕೈಗೆ ಸಿಕ್ಕ ಮರುದಿನವೇ ಆ ಎಂಜಿನ್ನನ್ನು ಕಿತ್ತು ಡೀಸೆಲ್ ಎಂಜಿನ್ನು ಕೂರಿಸಿ, ಸೀಟಿಗೆ ಕೆಂಪು ರೆಕ್ಸಿನ್ ಹೊದಿಸಿ, ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅಪ್ಪ ಆ ಮಾತನ್ನು ಉಳಿಸಿಕೊಂಡ ರೀತಿ ನೋಡಬೇಕಿತ್ತು. ಬಿಚ್ಚಿದ ಪ್ರತಿ ನಟ್ಟನ್ನೂ ಗಾಜಿನ ಬಾಟಲಿಯಲ್ಲಿ ಹಾಕಿ, ಎಲ್ಲಿಂದ ಬಿಚ್ಚಿದ್ದು ಎಂದು ಚೀಟಿ ಅಂಟಿಸಿ, ಅಲ್ಲಿಗೇ ವಾಪಸು ಹಾಕುತ್ತಿದ್ದರು. ಡ್ಯಾಶ್‌ಬೋರ್ಡಿನ ಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತ್ತು. ಅದನ್ನೂ ರಿಪೇರಿ ಮಾಡಿಸಲಿಲ್ಲ. "ನನ್ ಕೈಗೆ ಬಂದಾಗ್ಲೇ ನಿಂತಿತ್ತು. ನಿಂತೇ ಇರ್ಲಿ" ಎಂದರು. ಹಾಗಾಗಿ ಆ ಕಾರಿನೊಳಗೆ ಯಾವಾಗಲೂ ಕಾಫಿಯ ಹೊತ್ತು.

ಪ್ರತಿ ವರ್ಷ ಆಯುಧಪೂಜೆಯ ದಿನ ಯಜಮಾನರು ತಮ್ಮ ಕಾರನ್ನು 'ನೋಡಲು' ಬರುತ್ತಿದ್ದರು. ನೋಡುವುದು ಎಂದರೆ ಕೈಯಿಂದ. ಹಿಂದಿನ ದೀಪದಿಂದ ಶುರುಮಾಡಿ, ಮಗುವಿನ ಬೆನ್ನು ಸವರುವ ಹಾಗೆ ಇಡೀ ಕಾರನ್ನು ಒಂದು ಸುತ್ತು ಸವರಿಕೊಂಡು ಬರುತ್ತಿದ್ದರು. ಕೊನೆಗೆ ಬಾನೆಟ್ಟು. ಅಲ್ಲಿ ಕೈ ಇಟ್ಟು, "ಸರಿಯಾಗಿದೆ ಕಣಯ್ಯಾ" ಎಂದರೆ ಅಪ್ಪ ಇನ್ನೊಂದು ವರ್ಷಕ್ಕೆ ಉಸಿರು ಬಿಡುತ್ತಿದ್ದರು.

ಈಗ ನನ್ನ ವಿಷಯ. ನನಗೆ ಆಗ ಒಂಬತ್ತು ವರ್ಷ. ಚಿಂತೆಗೆ ಮಾತ್ರ ಐವತ್ತಾಗಿತ್ತು. ನಮ್ಮ ಮನೆಯ ಹೆಂಚಿನ ಮೇಲೆ ತೆಂಗಿನಕಾಯಿ ಬೀಳುತ್ತದೆಂದು ಹೆದರುತ್ತಿದ್ದೆ. ಸುತ್ತಮುತ್ತ ಎಲ್ಲೂ ತೆಂಗಿನ ಮರವಿಲ್ಲ ಎಂದು ಅಕ್ಕ ತೋರಿಸಿಕೊಟ್ಟ ಮೇಲೆ, ಮುಂದೆ ಯಾರಾದರೂ ನೆಟ್ಟರೆ ಏನು ಗತಿ ಎಂದು ಹೆದರಿದೆ. ಇಂಥವನ ಕಿವಿಗೆ ಅಕ್ಕ ಆ ವರ್ಷ ಹಬ್ಬದ ಹಿಂದಿನ ದಿನ ಒಂದು ಮಾತು ಹಾಕಿದಳು.

ಎಲ್ಲರೂ ತಮ್ಮ ಗಾಡಿಗೆ ಅರಿಶಿನ ಕುಂಕುಮವನ್ನು ನೇರವಾಗಿ ಹಚ್ಚುತ್ತಿದ್ದರು. ಕುಂಕುಮದಿಂದ ಬಣ್ಣ ಹಾಳಾಗುತ್ತದೆಂದು ಅಪ್ಪ ಮಾತ್ರ ಬಾನೆಟ್ಟಿನ ಮೇಲೆ ಒಂದು ಬಾಳೆಎಲೆ ಹಾಸಿ, ಎಲೆಗೆ ಬೊಟ್ಟಿಡುತ್ತಿದ್ದರು. ಅದನ್ನು ನೆನಪಿಸಿಕೊಂಡು ಅಕ್ಕ, ಹೂ ಕಟ್ಟುತ್ತ ಕೂತವಳು, ನಗುತ್ತ ಹೇಳಿದಳು: "ಬೊಟ್ಟು ಎಲೆಗೆ ತಾನೇ ಇಡೋದು? ಹಂಗಾದ್ರೆ ದೇವ್ರು ವರ್ಷಪೂರ್ತಿ ಎಲೆ ಕಾಯ್ತಾನೆ ಕಣೋ. ಕಾರು ಯಾರು ಕಾಯ್ತಾರೆ?"

ಅವಳು ಹೇಳಿ ಮರೆತಳು. ನಾನು ನಿದ್ದೆಯಲ್ಲೂ ಎಲೆಯನ್ನೇ ಕಂಡೆ. ಆ ಎಲೆಯನ್ನು ಸಂಜೆ ಹಸು ತಿಂದುಬಿಡುತ್ತಿತ್ತು. ಅಂದರೆ ಅಪ್ಪನ ಕಾರಿಗೆ ಇಷ್ಟು ವರ್ಷ ಯಾರ ಕಾವಲೂ ಇರಲಿಲ್ಲ!

ಹಬ್ಬದ ಬೆಳಿಗ್ಗೆ ಅಪ್ಪ ಬೂದುಗುಂಬಳಕಾಯಿ, ಬಾಳೆಕಂದು ತರಲು ಸೈಕಲ್ಲಿನಲ್ಲಿ ಯಶವಂತಪುರದ ಮಾರ್ಕೆಟ್ಟಿಗೆ ಹೋದರು. ಅಮ್ಮ ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದಳು. ನಾನು ದೇವರ ಗೂಡಿನಿಂದ ಕುಂಕುಮದ ಬಟ್ಟಲನ್ನು ಎತ್ತಿಕೊಂಡು ಶೆಡ್ಡಿಗೆ ನುಸುಳಿದೆ. ಒಣ ಕುಂಕುಮ ಗಾಳಿಗೆ ಹಾರಿಹೋದರೆ? ಅದಕ್ಕೂ ಚಿಂತೆ ಮಾಡಿದ್ದೆ. ಹರಳೆಣ್ಣೆಯಲ್ಲಿ ಕಲಸಿ, ಗಟ್ಟಿಯಾಗಿ, ಬಾನೆಟ್ಟಿನ ನಟ್ಟನಡುವೆ, ಎರಡು ದೀಪಗಳನ್ನು ಕಣ್ಣೆಂದುಕೊಂಡರೆ ಸರಿಯಾಗಿ ಹಣೆ ಬರುವ ಕಡೆ, ಒಂದು ಬೊಟ್ಟಿಟ್ಟೆ. ಅದು ಸಾಲದೆಂದು ಒತ್ತಿ ತಿಕ್ಕಿದೆ. ವರ್ಷವಿಡೀ ಉಳಿಯಬೇಕಲ್ಲ. ನಂತರ ಕೈಮುಗಿದು, ಕೆಲಸ ಮುಗಿಯಿತು, ಇನ್ನು ಎಲೆ ಹಾಸಿದರೆ ಯಾರಿಗೂ ಕಾಣುವುದಿಲ್ಲ ಎಂದು ತಿರುಗಿದರೆ ಅಕ್ಕ ನಿಂತಿದ್ದಳು.

"ಅಯ್ಯೋ ಮುಂಡೇದೆ, ಏನೋ ಮಾಡ್ದೆ? ಒರೆಸೋ ಬೇಗ!"

ಒರೆಸಿದೆ. ಬೊಟ್ಟು ಹೋಯಿತು, ಕೆಂಪು ಹೋಗಲಿಲ್ಲ. ಬೆಣ್ಣೆಯ ಮೇಲೆ ದಾಳಿಂಬೆ ಹಿಂಡಿದ ಹಾಗೆ ಒಂದು ಗುಂಡು ಕಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಸೀಗೆಪುಡಿ ಹಾಕಿದೆವು. ಆಗ ಅಕ್ಕನಿಗೆ ಒಂದು ದಾರಿ ಹೊಳೆಯಿತು. ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ಅವಳು ದೇವರ ದೀಪಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದಳು. ಹಿತ್ತಾಳೆ ಚಿನ್ನದಂತೆ ಹೊಳೆಯುತ್ತಿತ್ತು. "ದೀಪಕ್ಕೆ ಆಗಿದ್ದು ಕಾರಿಗೆ ಆಗಲ್ವಾ?" ಎಂದು ಅವಳೇ ನಾರು ತಂದಳು. ಇಬ್ಬರೂ ತಿಕ್ಕಿದೆವು. ಹುಣಸೆಯ ಹುಳಿ ವಾಸನೆ ಪೆಟ್ರೋಲಿನ ವಾಸನೆಯ ಜೊತೆ ಸೇರಿ ಶೆಡ್ಡಿನ ತುಂಬ ತುಂಬಿಕೊಂಡಿತು. ನೀರು ಹೊಯ್ದು ನೋಡಿದರೆ ಕೆಂಪು ಅರ್ಧ ಹೋಗಿತ್ತು, ಹೊಳಪು ಪೂರ್ತಿ ಹೋಗಿತ್ತು. ಬೆರಳಿಟ್ಟು ನೋಡಿದೆ. ಸುತ್ತಲೂ ಗಾಜಿನಂತೆ ನುಣುಪು, ಅಷ್ಟು ಜಾಗ ಮಾತ್ರ ಬೆಕ್ಕಿನ ನಾಲಿಗೆಯ ಹಾಗೆ ತರಿ ತರಿ.

ಆಗಲೇ ನನಗೆ ಅರ್ಥವಾದದ್ದು. ಯಜಮಾನರಿಗೆ ಕಲೆ ಕಾಣುವುದಿಲ್ಲ. ಆದರೆ ತರಿ? ಅದು ಅವರ ಬೆರಳಿಗೆ ಸಿಕ್ಕೇ ಸಿಗುತ್ತದೆ. ಕಲೆಯನ್ನು ಕಲೆಯಾಗೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆವು!

ಪಕ್ಕದ ಮನೆಯ ಭಾಯ್ ಲಾರಿಗಳಿಗೆ ಬಣ್ಣ ಹಾಕುವ ಕೆಲಸದವರು. ಅವರನ್ನು ಕೈಹಿಡಿದು ಎಳೆದುಕೊಂಡು ಬಂದೆ. ಅವರು ಬಗ್ಗಿ, ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿ, ತಲೆ ಕೆರೆದುಕೊಂಡರು.

"ಅರೇ ಬೇಟಾ, ಕಾರನ್ನ ಬೆಳಗಿಬಿಟ್ಟಿದೀಯಲ್ಲೋ! ನನ್ನ ಹತ್ರ ಲಾರಿ ಕಲರ್ ಇದೆ. ಹಸಿರು ಬೇಕಾ, ಕೇಸರಿ ಬೇಕಾ?"

ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. ಬೆನ್ನು ತಟ್ಟಿ ಹೇಳಿದರು: "ಈ ಬಣ್ಣ ಇಲ್ಲೆಲ್ಲೂ ಸಿಗಲ್ಲ ಬೇಟಾ. ಏನೋ ಒಂದು ಕಲಸಿ ಹಚ್ಚಿದ್ರೂ ವಾಸನೆ ಎರಡು ದಿನ ಹೋಗಲ್ಲ. ದೊಡ್ಡೋರಿಗೆ ಕಣ್ಣು ಇಲ್ಲ, ಮೂಗು ಇದೆಯಲ್ಲ? ಅಬ್ಬಾಗೆ ನೀನೇ ಹೇಳ್ಬಿಡು. ಈಗ್ಲೇ ಹೇಳು."

ಹೇಳಲಿಲ್ಲ. ಅಪ್ಪ ಬಂದಾಗ, "ಎಲೆ ನಾನೇ ಹಾಸ್ತೀನಪ್ಪಾ" ಎಂದು ಮುಂದೆ ಬಿದ್ದು, ಇದ್ದುದರಲ್ಲಿ ಅಗಲವಾದ ಎಲೆಯನ್ನೇ ಆರಿಸಿ ಹಾಸಿದೆ. ಭಾರವಾಗಲೆಂದು ಅದರ ಮೇಲೆ ಬಾಳೆಹಣ್ಣಿನ ಚಿಪ್ಪು ಇಟ್ಟೆ. ಮಗನಿಗೆ ಭಕ್ತಿ ಬಂದಿದೆ ಎಂದು ಅಮ್ಮನಿಗೆ ಖುಷಿ. ನಾನು ಕೆಂಪಾದ ಅಂಗೈಗಳನ್ನು ಚಡ್ಡಿಯ ಜೇಬಿನಲ್ಲಿ ತುರುಕಿಕೊಂಡು ನಿಂತೆ. ಅಂದು ಬೆಳಿಗ್ಗೆ ಕಡಲೆಪುರಿಯನ್ನೂ ಕೈಚಾಚಿ ಇಸಿದುಕೊಳ್ಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಯಜಮಾನರು ಬಂದರು. ಬಿಳಿ ಪಂಚೆ, ಕರಿಯ ಕೋಟು, ಕೈಯಲ್ಲಿ ಬೆತ್ತ. ಅವರನ್ನು ಕರೆದುಕೊಂಡು ಬಂದವನು ಅದೇ ಸೋದರಳಿಯ. ಅವನು ಶೆಡ್ಡಿನೊಳಗೆ ಕಾಲಿಟ್ಟವನೇ, ಡೀಸೆಲ್ ಎಂಜಿನ್ನು ಎಲ್ಲಿ ಕೂರುತ್ತದೆ ಎಂದು ಗೇಣು ಹಾಕಿ ಅಳೆಯುವವನಂತೆ ಕಾರನ್ನು ನೋಡಿದ.

ಯಜಮಾನರ ಕೈ ಹಿಂದಿನ ದೀಪದಿಂದ ಹೊರಟಿತು. ಡಿಕ್ಕಿ, ಹಿಂದಿನ ಗಾಜು, ಬಾಗಿಲ ಹಿಡಿ. ಅಪ್ಪ ಎಂದಿನಂತೆ ಬಾನೆಟ್ಟಿನ ಮೇಲಿನ ಎಲೆಯನ್ನು ಪಕ್ಕಕ್ಕೆ ಸರಿಸಿದರು. ಸರಿಸಿದ ಕೈ ಹಾಗೇ ನಿಂತಿತು. ಕಲೆ ಕಂಡಿತ್ತು. ಅಪ್ಪ ತಿರುಗಿ ನನ್ನನ್ನು ನೋಡಿದರು, ಆಮೇಲೆ ನನ್ನ ಜೇಬುಗಳನ್ನು ನೋಡಿದರು. ಅಷ್ಟರಲ್ಲಿ ಯಜಮಾನರ ಬೆರಳುಗಳು ಬಾನೆಟ್ಟಿನ ಮೇಲೆ ಜಾರುತ್ತ ಜಾರುತ್ತ ಬಂದು, ಆ ತರಿಯ ಮೇಲೆ ಬಂದು, ನಿಂತವು.

"ಇದೇನಯ್ಯಾ?"

"ನನ್ ಕೈಯಿಂದ ಆಗಿದ್ದು ಸ್ವಾಮಿ," ಎಂದರು ಅಪ್ಪ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಳಿಯ ಬಗ್ಗಿ ನೋಡಿದ. "ಮಾವ, ಕೆಂಪಗೆ ಕಲೆ ಬೇರೆ ಆಗಿದೆ. ಮಾತು ಅಂದ್ರೆ ಮಾತು. ನೀವೇ ಹೇಳಿದ್ರಲ್ಲ?"

ಇಲ್ಲಿ ನಾನು ಧೈರ್ಯದಿಂದ ಮುಂದೆ ಬಂದೆ ಎಂದು ಬರೆಯಲು ಆಸೆ. ಹಾಗೇನೂ ಆಗಲಿಲ್ಲ. ಅಳು ತಡೆಯಲಾಗದೆ, ಮೂಗು ಒರೆಸಿಕೊಳ್ಳಲು ಜೇಬಿನಿಂದ ಕೈ ತೆಗೆದೆ. ಮೂಗು, ಕೆನ್ನೆ ಎಲ್ಲ ಕೆಂಪಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನಾನೇ ತಾತ," ಎಂದು ಬಿಕ್ಕುತ್ತ ಎಲ್ಲವನ್ನೂ ಹೇಳಿದೆ. ಎಲೆ, ದೇವರು, ಹರಳೆಣ್ಣೆ, ಹುಣಸೆಹಣ್ಣು, ಅಕ್ಕ. ಅಕ್ಕನ ಹೆಸರನ್ನು ಎರಡು ಸಲ ಹೇಳಿದೆ. "ಎಲೆಗೆ ಇಟ್ಟ ಬೊಟ್ಟು ಕಾರಿಗೆ ಹೆಂಗೆ ತಾಗತ್ತೆ? ಅಪ್ಪಂಗೆ ಏನಾದ್ರೂ ಆದ್ರೆ?"

ಯಜಮಾನರು ಬೆತ್ತವನ್ನು ಅಪ್ಪನ ಕೈಗೆ ಕೊಟ್ಟರು. ಆಮೇಲೆ ಕೈ ಚಾಚಿ, "ಬಾ ಇಲ್ಲಿ" ಎಂದರು. ನನ್ನ ಕುಂಕುಮದ ಕೈಯನ್ನು ಹಿಡಿದು ಎಡಬಾಗಿಲ ಹತ್ತಿರ ಕರೆದೊಯ್ದು, ತಾವೂ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಬಾಗಿಲ ಕೆಳಗಿನ ಅಂಚಿಗೆ ನನ್ನ ಬೆರಳು ತಾಗಿಸಿದರು. ಒಂದು ಕಡೆ ಸಣ್ಣ ತಗ್ಗು. ಕಣ್ಣಿಗೆ ಕಾಣುವಂಥದ್ದಲ್ಲ.

"ಕಾರು ತಂದ ಮೊದಲನೇ ದಿನ ನನ್ನ ಮನೆ ಗೇಟಿಗೇ ಗುದ್ದಿದ್ದೆ," ಎಂದರು, ಗುಟ್ಟು ಹೇಳುವ ದನಿಯಲ್ಲಿ. "ನಮ್ಮ ಮನೆಯವರಿಗೆ ಗೊತ್ತಾದ್ರೆ ಮಾನ ಹೋಗತ್ತೆ ಅಂತ ದೂರದ ಗ್ಯಾರೇಜಿಗೆ ಹೋಗಿ ತಟ್ಟಿಸಿದೆ. ಇವತ್ತಿನವರೆಗೂ ಒಬ್ರಿಗೂ ಹೇಳಿಲ್ಲ."

"ಗೊತ್ತು ಸ್ವಾಮಿ," ಎಂದರು ಅಪ್ಪ.

"ಏನಯ್ಯಾ ಗೊತ್ತು?"

"ಕೆಲಸಕ್ಕೆ ಸೇರಿದ ದಿನವೇ ಒರೆಸೋವಾಗ ಕೈಗೆ ಸಿಕ್ತು. ಅದನ್ನೂ ಹಂಗೇ ಇಟ್ಟಿದೀನಿ."

"ಮತ್ತೆ ಇಷ್ಟು ವರ್ಷ ಯಾಕಯ್ಯಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಯಜಮಾನರು ನಕ್ಕರು. ಕೂತಲ್ಲೇ, ಬಾಗಿಲಿಗೆ ಒರಗಿಕೊಂಡು, ಕೋಟು ಅಲುಗುವಂತೆ ನಕ್ಕರು. ಅಳಿಯ "ಮಾವ, ಹಂಗಾದ್ರೆ ಷರತ್ತು..." ಎಂದು ಬಾಯಿ ತೆರೆದ.

"ನೀನು ಇದರ ಹೊಟ್ಟೆನೇ ಕೀಳ್ತೀನಿ ಅಂತೀಯ. ಈ ಮಗು ಹಣೆಗೆ ಬೊಟ್ಟಿಟ್ಟಿದೆ. ಯಾರ ಹತ್ರ ಇರ್ಬೇಕೋ ನೀನೇ ಹೇಳು," ಎಂದರು. ಅಳಿಯ ಕಡಲೆಪುರಿಯ ಕಡೆ ಕೈ ಹಾಕಿದ.

ಅಪ್ಪ ಮೆಲ್ಲಗೆ, ಎಲ್ಲಾದರೂ ಆ ಬಣ್ಣ ಹುಡುಕಿಸಿ ಸರಿಮಾಡಿಸುತ್ತೇನೆ ಎಂದರು. ಯಜಮಾನರು ಮತ್ತೆ ಆ ತರಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. "ಏನೂ ಮಾಡಿಸ್ಬೇಡ. ಇದು ಹಿಂಗೇ ಇರ್ಲಿ. ಬೆರಳಿಟ್ರೆ ನನ್ನ ಕಾರು ಅಂತ ಗೊತ್ತಾಗತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಇನ್ಮೇಲೆ ಪ್ರತಿ ವರ್ಷ ನೀನೇ ಇಡು. ಇಲ್ಲೇ. ಎಲೆ ಬೇಡ," ಎಂದರು. "ಹುಣಸೆಹಣ್ಣೂ ಬೇಡ" ಎಂದು ಅಪ್ಪ ಸೇರಿಸಿದರು.

ಬೂದುಗುಂಬಳಕಾಯಿ ಒಡೆದಾಯಿತು. ನಾಲ್ಕು ಚಕ್ರದ ಕೆಳಗಿನ ನಿಂಬೆಹಣ್ಣು ಟಪ್ ಟಪ್ ಎಂದವು. ನಾವೆಲ್ಲ, ಭಾಯ್ ಕೂಡ, ಆ ಕಾರಿನಲ್ಲಿ ತುಂಬಿಕೊಂಡು ಯಲಹಂಕದವರೆಗೆ ಹೋಗಿಬಂದೆವು. ಬಿಸಿಲಿಗೆ ಕಾದ ಸೀಟಿನ ವಾಸನೆ, ಸೇವಂತಿಗೆಯ ವಾಸನೆ, ನನ್ನ ಕೈಯಲ್ಲಿ ಇನ್ನೂ ಹುಣಸೆಯ ವಾಸನೆ. ಹೆಬ್ಬಾಳದ ಕೆರೆ ದಾಟಿದ ಮೇಲೆ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ, ಎರಡೂ ಕಡೆ ದ್ರಾಕ್ಷಿ ಚಪ್ಪರ, ತೆನೆ ಬಿಟ್ಟ ರಾಗಿ ಹೊಲ. "ಒಂದ್ಸಲ ಒತ್ತಯ್ಯಾ" ಎಂದರು ಯಜಮಾನರು. ಎಂದೂ ನಿಧಾನ ಬಿಡದ ಅಪ್ಪ ಒತ್ತಿದರು. ಎಂಜಿನ್ನು ಗುಡುಗಿತು, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಯಜಮಾನರು ಕಿಟಕಿಯಿಂದ ಮುಖ ಹೊರಗೆ ಹಾಕಿ ಗಾಳಿ ಕುಡಿದರು. ಟೈರು ಸಿಡಿದರೆ ಏನು ಗತಿ ಎಂದು ನಾನು ಚಿಂತಿಸಿದೆ. ಆದರೆ ಜೋರಾಗಿಯೇನೂ ಅಲ್ಲ.

ಈಗ ಆ ಹೆಂಚಿನ ಮನೆಯ ಜಾಗದಲ್ಲಿ ಮೂರು ಅಂತಸ್ತು ಎದ್ದಿದೆ. ಕೆಳಗೆ ಪಾರ್ಕಿಂಗಿನಲ್ಲಿ ದೊಡ್ಡದು ನಿಂತಿದೆ. ಅದೇ ಬೆಣ್ಣೆ ಬಣ್ಣ, ಅದೇ ಎಂಟು ಸಿಲಿಂಡರು, ಗಡಿಯಾರದಲ್ಲಿ ಇನ್ನೂ ನಾಲ್ಕು ಹತ್ತು. ಅಪ್ಪನೂ ಇಲ್ಲ, ಯಜಮಾನರೂ ಇಲ್ಲ. ಅವರ ಬೆರಳು ನಿಂತ ತರಿ ಇದೆ. ಪ್ರತಿ ವರ್ಷ ನಾನೇ ಅಲ್ಲಿ ಬೊಟ್ಟಿಡುತ್ತೇನೆ. ಎಲೆ ಬೇಡ ಎಂದಿದ್ದರಲ್ಲ, ಆದರೂ ನನ್ನ ಜೀವ ಕೇಳಬೇಕಲ್ಲ? ಎಲೆಯನ್ನು ಹಾಸಿ, ತರಿ ಇರುವ ಕಡೆ ಮಾತ್ರ ಕತ್ತರಿಯಿಂದ ಗುಂಡಗೆ ಒಂದು ತೂತು ಮಾಡುತ್ತೇನೆ. ಮನೆಯವರೆಲ್ಲ ನಗುತ್ತಾರೆ.

ಈ ವರ್ಷ ದೊಡ್ಡದರ ಪಕ್ಕ ನನ್ನ ಮಗನ ಹೊಸ ಕಾರೂ ನಿಂತಿತ್ತು. ಕರೆಂಟಿನದು. ಶಬ್ದವೇ ಇಲ್ಲ, ಲೋಟಗಳು ಮಾತಾಡುವುದಿಲ್ಲ. ಆದರೆ ಹಿಂದೆ ಗೋಡೆ ಬಂದರೆ ಕೂಗುತ್ತದೆ, ಪಕ್ಕದಲ್ಲಿ ನಾಯಿ ಬಂದರೆ ಕೂಗುತ್ತದೆ, ಬೆಲ್ಟು ಹಾಕದಿದ್ದರೆ ಕೂಗುತ್ತದೆ. ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಚಿಂತೆ ಮಾಡುವ ಜೀವವನ್ನು ಮೊದಲ ಸಲ ಕಂಡು ನನಗೆ ಸ್ವಲ್ಪ ನೆಮ್ಮದಿಯಾಯಿತು. ಅದರಲ್ಲಿ ಕೂತು ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ನಿಂತಾಗ, ದ್ರಾಕ್ಷಿ ಚಪ್ಪರ ಎಲ್ಲಿತ್ತೆಂದು ಮೊಮ್ಮಕ್ಕಳಿಗೆ ಕೈ ತೋರಿಸುತ್ತೇನೆ. ಅವರು ಮರ್ಯಾದೆಗೆ ಆ ಕಡೆ ನೋಡುತ್ತಾರೆ.

ಹೊಸ ಕಾರಿನ ಬಣ್ಣ ಹಾಳಾಗಬಾರದೆಂದು ಮಗ ಅದರ ಮೈತುಂಬ ಕಾಣದಂಥ ಪ್ಲಾಸ್ಟಿಕ್ಕಿನ ಪೊರೆ ಅಂಟಿಸಿದ್ದಾನೆ. ಪೂಜೆಯ ದಿನ ನನ್ನ ಮೊಮ್ಮಗಳು ಕುಂಕುಮದ ಬಟ್ಟಲು ಹಿಡಿದು ಅದರ ಮುಂದೆ ನಿಂತಳು. ಅವಳಿಗೂ ಈಗ ಒಂಬತ್ತು.

ಮೇಲಿನ ಮಹಡಿಯಿಂದ ಮಗ ಕೂಗಿದ: "ಪುಟ್ಟಾ, ಸ್ಟಿಕ್ಕರ್ ಬೊಟ್ಟು ತಂದಿದೀನಿ, ತಡಿ! ಕುಂಕುಮ ಹಚ್ಚಬೇಡ!"

ಅವಳು ಪೊರೆಯ ಮೇಲೆ ಉಗುರಿನಿಂದ ಒಮ್ಮೆ ಗೀರಿ ನೋಡಿದಳು. ಆಮೇಲೆ ದೊಡ್ಡದರ ಹಣೆಯ ತರಿಯನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ನನ್ನ ಕೈಯಲ್ಲಿ ಕತ್ತರಿಸಿ ಮಿಕ್ಕಿದ ಬಾಳೆಎಲೆ ಇತ್ತು. ಅದನ್ನು ಅವಳಿಗೆ ಕೊಡದೆ ನನ್ನಲ್ಲೇ ಹಿಡಿದುಕೊಂಡು, ಬೀದಿಯ ಕಡೆ ಮುಖ ಮಾಡಿ ನಿಂತೆ. ತುಂಬ ಹೊತ್ತು ತಿರುಗಿ ನೋಡಲೇ ಇಲ್ಲ.